ಔಷಧ ಸುರಕ್ಷತೆಯ ಆರ್ ಪ್ಯಾಕೇಜ್ ಸಿದ್ಧವಾಗಿದೆ, ಎಲ್ಲಿಗೆ ಸಲ್ಲಿಸಬೇಕು?

ಈ ಎರಡು ತಿಂಗಳಲ್ಲಿ ಮೂವರು ನನಗೆ ಒಂದೇ ಪ್ರಶ್ನೆ ಕೇಳಿದ್ದಾರೆ. ಒಬ್ಬರು ಫಾರ್ಮಸಿಯಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿ. ಅಡ್ಡಪರಿಣಾಮದ ವರದಿಗಳಲ್ಲಿ ಸಿಗ್ನಲ್ (ಔಷಧಕ್ಕೂ ಒಂದು ತೊಂದರೆಗೂ ನಂಟಿರಬಹುದು ಅನ್ನುವ ಸುಳಿವು) ಹುಡುಕುವ ಒಂದಿಷ್ಟು ಫಂಕ್ಷನ್‌ಗಳನ್ನು ಆರ್ ಅನ್ನುವ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಪ್ಯಾಕೇಜ್ ಮಾಡಿಟ್ಟಿದ್ದಾರೆ. ಇನ್ನೊಬ್ಬರು ಬೆಂಗಳೂರಿನ ಒಂದು ಕಂಪನಿಯಲ್ಲಿ ಬಯೋಸ್ಟ್ಯಾಟಿಸ್ಟಿಷಿಯನ್. ಮೂರನೆಯವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು, ಸ್ವಂತದ್ದೊಂದು ಬೇಸಿಯನ್ ವಿಧಾನ (ಮೊದಲಿನ ಅಂದಾಜನ್ನು ದತ್ತಾಂಶ ನೋಡುತ್ತಾ ತಿದ್ದುವ ಬಗೆ) ರೂಪಿಸಿ ಅದಕ್ಕೆ ಕೋಡ್ ಬರೆದವರು. ಕ್ರ್ಯಾನ್‌ಗೆ ಹಾಕಲಾ, ಬಯೋಕಂಡಕ್ಟರ್‌ಗಾ, ಆರ್‌ಓಪನ್‌ಸೈಗಾ, ಅಥವಾ ಗಿಟ್‌ಹಬ್‌ನಲ್ಲೇ ಬಿಟ್ಟುಬಿಡಲಾ ಅನ್ನುವುದು ಮೂವರ ಪ್ರಶ್ನೆ. ಕ್ರ್ಯಾನ್, ಬಯೋಕಂಡಕ್ಟರ್ ಎರಡೂ ಆರ್ ಪ್ಯಾಕೇಜ್‌ಗಳ ಭಂಡಾರಗಳು, ಆರ್‌ಓಪನ್‌ಸೈ ಪ್ಯಾಕೇಜ್ ವಿಮರ್ಶಿಸುವ ಗುಂಪು, ಗಿಟ್‌ಹಬ್ ಕೋಡ್ ಇಡುವ ಜಾಲತಾಣ.

ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅಂತ ಇಲ್ಲಿ ಬಿಡಿಸಿ ಬರೆಯುತ್ತೇನೆ, ನಿಮ್ಮದು ಯಾರ ಪರಿಸ್ಥಿತಿಗೆ ಹತ್ತಿರ ಅಂತ ನೀವೇ ನೋಡಿಕೊಳ್ಳಬಹುದು.

ಮೊದಲು ಐದು ಪ್ರಶ್ನೆ ಕೇಳಿಕೊಳ್ಳಿ

ನಿಮ್ಮ ಲೆಕ್ಕ ಸರಿ ಇದೆಯಾ ಅಂತ ಬೇರೆ ಯಾರಾದರೂ ನೋಡುತ್ತಾರಾ? ಇದನ್ನು ನಾನು ಎಲ್ಲಕ್ಕಿಂತ ಮೊದಲು ಇಡುತ್ತೇನೆ. ಔಷಧ ಸುರಕ್ಷತೆಯ ಪ್ಯಾಕೇಜ್ ತಪ್ಪು ಸಂಖ್ಯೆ ಕೊಟ್ಟರೆ ಅದರ ಭಾರ ಬೀಳುವುದು ಮಾತ್ರೆ ನುಂಗುವವರ ಮೇಲೆ. ಸಿಗ್ನಲ್ ಇರುವ ಕಡೆ ಇಲ್ಲ ಅಂದರೆ ಒಂದು ಅಡ್ಡಪರಿಣಾಮ ಇನ್ನಷ್ಟು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲದ ಕಡೆ ಇದೆ ಅಂದರೆ ಒಳ್ಳೆಯ ಔಷಧದ ಮೇಲೆ ಸುಮ್ನೆ ಅನುಮಾನ ಹುಟ್ಟುತ್ತದೆ.

ಎರಡನೆಯದು, ಬಳಸುವವರ ಕಂಪ್ಯೂಟರಿಗೆ ನಿಮ್ಮ ಪ್ಯಾಕೇಜ್ ತಲುಪುತ್ತದಾ? ಎಷ್ಟೋ ಔಷಧ ಕಂಪನಿಗಳಲ್ಲಿ ಗಿಟ್‌ಹಬ್‌ನಿಂದ ನೇರವಾಗಿ ಇನ್ಸ್ಟಾಲ್ ಮಾಡಲು ಬಿಡುವುದಿಲ್ಲ. ಒಳಗಿನ ಸರ್ವರ್‌ನಲ್ಲಿ ಕ್ರ್ಯಾನ್‌ನ ಒಂದು ನಕಲು ಇರುತ್ತದೆ, ಅದರಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೂರನೆಯದು, ಐದು ವರ್ಷದ ನಂತರ ಇವತ್ತಿನ ಆವೃತ್ತಿಯೇ ಬೇಕು ಅಂದರೆ ಸಿಗುತ್ತದಾ? ಸುರಕ್ಷತಾ ವರದಿಯ ಸಂಖ್ಯೆ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದಾಗ ಅದೇ ಕೋಡ್ ಮತ್ತೆ ಓಡಿಸಿ ತೋರಿಸಬೇಕಾಗುತ್ತದೆ.

ನಾಲ್ಕನೆಯದು, ಪ್ಯಾಕೇಜ್ ಒಳಗೆ ಇಟ್ಟಿರುವ ದತ್ತಾಂಶ ಹಂಚಲು ನಿಮಗೆ ಹಕ್ಕಿದೆಯಾ? ಐದನೆಯದು ಬಜೆಟ್. ಇಲ್ಲಿ ಹೇಳುವ ಯಾವ ಜಾಗಕ್ಕೂ ಶುಲ್ಕವಿಲ್ಲ, ಖರ್ಚಾಗುವುದು ನಿಮ್ಮ ಸಮಯ. ಸಲ್ಲಿಸುವ ದಿನದ ಸಮಯ ಮಾತ್ರ ಲೆಕ್ಕ ಹಾಕಬೇಡಿ, ಆಮೇಲಿನ ವರ್ಷಗಳ ನಿರ್ವಹಣೆಯನ್ನೂ ಸೇರಿಸಿ.

ಒಂದು ಸಣ್ಣ ಕೋಷ್ಟಕ

ಮೊದಲ ಪ್ರಶ್ನೆಗೆ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅನ್ನುವುದಕ್ಕೆ ಒಂದು ಉದಾಹರಣೆ. ಒಂದು ಔಷಧದ ಬಗ್ಗೆ 200 ವರದಿ ಬಂದಿವೆ ಅಂದುಕೊಳ್ಳಿ, ಅದರಲ್ಲಿ 12 ಕಾಮಾಲೆಯವು, ಉಳಿದ 188 ಬೇರೆ. ಮಿಕ್ಕ ಎಲ್ಲ ಔಷಧಗಳ ಬಗ್ಗೆ 29,800 ವರದಿ ಇವೆ, ಅದರಲ್ಲಿ 300 ಕಾಮಾಲೆಯವು, ಉಳಿದ 29,500 ಬೇರೆ. ಈ ಔಷಧದಲ್ಲಿ ಕಾಮಾಲೆಯ ಪಾಲು ಶೇ. 6, ಉಳಿದವುಗಳಲ್ಲಿ ಶೇ. 1ಕ್ಕಿಂತ ಒಂದು ಚೂರು ಜಾಸ್ತಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 5.96. ಇದು ಪಿಆರ್‌ಆರ್, ಅಂದರೆ ವರದಿಗಳ ಪಾಲಿನ ಅನುಪಾತ. 2001ರಲ್ಲಿ ಇವಾನ್ಸ್ ಮತ್ತು ಸಂಗಡಿಗರು ಸಿಗ್ನಲ್ ಅನ್ನಲು ಹೇಳಿದ ಮಾನದಂಡ ಈಗಲೂ ಬಳಕೆಯಲ್ಲಿದೆ: ಪಿಆರ್‌ಆರ್ ಕನಿಷ್ಠ 2, ಕೈ-ವರ್ಗ (ವ್ಯತ್ಯಾಸ ಬರೀ ಆಕಸ್ಮಿಕವಾ ಅಂತ ನೋಡುವ ಅಳತೆ) ಕನಿಷ್ಠ 4, ಪ್ರಕರಣ ಕನಿಷ್ಠ 3.

ಈಗ ಕೋಡ್ ಬರೆಯುವಾಗ ಹೋಲಿಕೆಯ ಗುಂಪಿನಲ್ಲಿ ಅದೇ ಔಷಧವನ್ನೂ ಸೇರಿಸಿಬಿಟ್ಟಿರಿ ಅಂದುಕೊಳ್ಳಿ. 30,000 ವರದಿಯಲ್ಲಿ 312 ಕಾಮಾಲೆ, ಅಂದರೆ ಶೇ. 1.04. ಭಾಗಿಸಿದರೆ 5.77. ಇದೂ ಒಂದು ಸರಿಯಾದ ಸಂಖ್ಯೆಯೇ, ಆದರೆ ಇದರ ಹೆಸರು ಬೇರೆ. ಇದು ಕಂಡದ್ದನ್ನು ನಿರೀಕ್ಷಿಸಿದ್ದರಿಂದ ಭಾಗಿಸಿದ ಅನುಪಾತ. 1999ರಲ್ಲಿ ಡುಮೌಚೆಲ್ ಪ್ರಕಟಿಸಿದ ಇಬಿಜಿಎಂ ವಿಧಾನವೂ 1998ರಲ್ಲಿ ಬಂದ ಬಿಸಿಪಿಎನ್‌ಎನ್ ವಿಧಾನವೂ (ಎರಡೂ ಸಿಗ್ನಲ್ ಹುಡುಕುವ ಬೇಸಿಯನ್ ವಿಧಾನಗಳು) ಈ ಅನುಪಾತದಿಂದಲೇ ಶುರುವಾಗುತ್ತವೆ. ಫಂಕ್ಷನ್‌ಗೆ ಪಿಆರ್‌ಆರ್ ಅಂತ ಹೆಸರಿಟ್ಟು ಒಳಗೆ 5.77 ಲೆಕ್ಕ ಹಾಕಿದರೆ ಪ್ಯಾಕೇಜ್ ಎಲ್ಲೂ ಎಡವುವುದಿಲ್ಲ. ಎರರ್ ಬರುವುದಿಲ್ಲ, ವಾರ್ನಿಂಗ್ ಬರುವುದಿಲ್ಲ, ಸಹಾಯ ಪುಟ ಚೆನ್ನಾಗಿ ಕಾಣುತ್ತದೆ. ಇಲ್ಲಿ ಎರಡೂ 2ರ ಗೆರೆಯ ಮೇಲಿವೆ, ಸರಿ. ಆ ಔಷಧದ ವರದಿಗಳ ಪಾಲು ದತ್ತಾಂಶದಲ್ಲಿ ದೊಡ್ಡದಾದಷ್ಟೂ ಎರಡರ ಅಂತರ ಹಿಗ್ಗುತ್ತದೆ, ಗೆರೆಯ ಮೇಲಿದ್ದದ್ದು ಕೆಳಗೆ ಬಂದುಬಿಡಬಹುದು.

ಈ ತಪ್ಪನ್ನು ಯಾವ ಜಾಗದವರು ಹಿಡಿಯುತ್ತಾರೆ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಕ್ರ್ಯಾನ್

1997ರಲ್ಲಿ ವಿಯೆನ್ನಾದಲ್ಲಿ ಶುರುವಾದ ಕ್ರ್ಯಾನ್‌ನಲ್ಲಿ ಈಗ 20,000ಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ನಮ್ಮ ಕ್ಷೇತ್ರದವೂ ಅಲ್ಲಿವೆ. ಇಬಿಜಿಎಂ ಲೆಕ್ಕಕ್ಕೆ ಓಪನ್‌ಇಬಿಜಿಎಂ ಇದೆ, ಔಷಧ ಸುರಕ್ಷತೆಯ ಅಂತರರಾಷ್ಟ್ರೀಯ ಕೇಂದ್ರವಾದ ಉಪ್ಸಾಲಾ ಮಾನಿಟರಿಂಗ್ ಸೆಂಟರ್‌ನವರ ಪಿವಿಡಿಎ ಇದೆ. ನಿಮ್ಮದನ್ನು ಬರೆಯುವ ಮುಂಚೆ ಇವೆರಡನ್ನೂ ಒಮ್ಮೆ ಇನ್ಸ್ಟಾಲ್ ಮಾಡಿ ನೋಡಿ. ಇರುವುದನ್ನೇ ಮತ್ತೆ ಬರೆಯುತ್ತಿದ್ದೀರಾ ಅನ್ನುವುದು ಗೊತ್ತಾಗುತ್ತದೆ, ನಿಮ್ಮ ಉತ್ತರವನ್ನು ತಾಳೆ ನೋಡಲು ಒಂದು ಆಧಾರವೂ ಸಿಗುತ್ತದೆ.

ತಲುಪುವ ವಿಷಯದಲ್ಲಿ ಕ್ರ್ಯಾನ್‌ಗೆ ಸಾಟಿ ಇಲ್ಲ. ಆರ್ ಹಾಕಿಕೊಂಡ ಯಾರೇ ಆದರೂ ಒಂದು ಸಾಲು ಬರೆದರೆ ಸಾಕು, ನಿಮ್ಮ ಪ್ಯಾಕೇಜ್ ಬರುತ್ತದೆ. ಹಳೆಯ ಆವೃತ್ತಿಗಳೆಲ್ಲ ಅಲ್ಲಿನ ಆರ್ಕೈವ್‌ನಲ್ಲಿ ಉಳಿಯುತ್ತವೆ. ಇಂಥ ದಿನ ಕ್ರ್ಯಾನ್ ಹೇಗಿತ್ತೋ ಹಾಗೆಯೇ ಬೇಕು ಅನ್ನುವವರಿಗೆ ಪಾಸಿಟ್ ಕಂಪನಿಯ ಸಾರ್ವಜನಿಕ ಪ್ಯಾಕೇಜ್ ಮ್ಯಾನೇಜರ್ ದಿನಾಂಕದ ಪ್ರಕಾರ ಕೊಡುತ್ತದೆ. ಮೊದಲು ಈ ಕೆಲಸವನ್ನು ಮೈಕ್ರೋಸಾಫ್ಟ್‌ನ ಎಂಆರ್‌ಎಎನ್ ಮಾಡುತ್ತಿತ್ತು, 2023ರ ಜುಲೈ 1ರಂದು ಅದನ್ನು ಮುಚ್ಚಿದರು. ಹಾಗಾಗಿ ಮುಖ್ಯವಾದ ವಿಶ್ಲೇಷಣೆಗೆ ಬಳಸಿದ ಆವೃತ್ತಿಯ ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ.

ಸಲ್ಲಿಸುವುದು ಹೇಗಿರುತ್ತದೆ ಅಂದರೆ, ಮೊದಲು ನಿಮ್ಮ ಕಂಪ್ಯೂಟರ್‌ನಲ್ಲಿ ಪ್ಯಾಕೇಜ್ ಪರೀಕ್ಷಿಸುವ ಆಜ್ಞೆಯಾದ ಆರ್ ಸಿಎಂಡಿ ಚೆಕ್ ಅನ್ನು ಆ್ಯಸ್-ಕ್ರ್ಯಾನ್ ಆಯ್ಕೆಯ ಜೊತೆ ಓಡಿಸಬೇಕು. ಎರರ್, ವಾರ್ನಿಂಗ್ ಎರಡೂ ಸೊನ್ನೆ ಇರಬೇಕು, ನೋಟ್‌ಗಳು (ಸಣ್ಣ ಸೂಚನೆಗಳು) ಆದಷ್ಟು ಕಮ್ಮಿ ಇರಬೇಕು. ಹೊಸ ಸಲ್ಲಿಕೆ ಅನ್ನುವ ಒಂದು ನೋಟ್ ಮಾತ್ರ ಬಂದೇ ಬರುತ್ತದೆ, ಅದಕ್ಕೆ ಹೆದರಬೇಡಿ. ವಿಂಡೋಸ್‌ನಲ್ಲಿ ಪರೀಕ್ಷಿಸಿಕೊಡುವ ವಿನ್-ಬಿಲ್ಡರ್‌ಗೆ ಕಳಿಸಿ ಆರ್‌ನ ಡೆವೆಲ್ (ಇನ್ನೂ ತಯಾರಾಗುತ್ತಿರುವ) ಆವೃತ್ತಿಯಲ್ಲೂ ಪರೀಕ್ಷೆ ಮಾಡಿ. ಆಮೇಲೆ ವೆಬ್ ಫಾರ್ಮ್‌ನಲ್ಲಿ ಕಡತ ಹಾಕಿ, ಇಮೇಲ್‌ಗೆ ಬಂದ ಕೊಂಡಿ ಒತ್ತಿ ಖಚಿತಪಡಿಸಬೇಕು.

ನಮ್ಮ ಕ್ಷೇತ್ರದವರಿಗೆ ಬರುವ ಮೊದಲ ನೋಟ್ ಹೆಚ್ಚುಕಮ್ಮಿ ಒಂದೇ ರೀತಿ ಇರುತ್ತದೆ. ಪ್ಯಾಕೇಜಿನ ಪರಿಚಯವಿರುವ ಡಿಸ್ಕ್ರಿಪ್ಷನ್ ಕಡತದಲ್ಲಿ ಕಾಗುಣಿತ ತಪ್ಪಿರಬಹುದು ಅಂತ ಹೇಳಿ, ಫಾರ್ಮಕೋವಿಜಿಲೆನ್ಸ್, ಡಿಸ್‌ಪ್ರೊಪೋರ್ಷನಾಲಿಟಿ, ಡುಮೌಚೆಲ್ ಅಂತ ಪದಗಳ ಪಟ್ಟಿ ಕೊಡುತ್ತದೆ. ಅವು ಸರಿಯಾದ ಪದಗಳೇ ಅಂತ ಸಲ್ಲಿಕೆಯ ಜೊತೆ ಕಳಿಸುವ ಕ್ರ್ಯಾನ್ ಕಾಮೆಂಟ್ಸ್‌ನಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಆಮೇಲೆ ಒಬ್ಬ ಮನುಷ್ಯರು ಓದುತ್ತಾರೆ, ಅವರು ಸ್ವಯಂಸೇವಕರು. ಪ್ರತಿ ಫಂಕ್ಷನ್‌ನ ಸಹಾಯ ಪುಟದಲ್ಲಿ ಅದು ಏನನ್ನು ಹಿಂದಿರುಗಿಸುತ್ತದೆ ಅಂತ ಬರೆದಿದ್ದೀರಾ, ವಿಧಾನದ ಮೂಲ ಲೇಖನಕ್ಕೆ ಡಿಒಐ (ಶಾಶ್ವತ ಗುರುತಿನ ಸಂಖ್ಯೆ) ಕೊಟ್ಟಿದ್ದೀರಾ, ಬೇರೆ ಸಾಫ್ಟ್‌ವೇರ್ ಹೆಸರುಗಳನ್ನು ಒಂಟಿ ಉದ್ಧರಣ ಚಿಹ್ನೆಯಲ್ಲಿ ಇಟ್ಟಿದ್ದೀರಾ, ಬಳಕೆದಾರರ ಫೋಲ್ಡರ್‌ನಲ್ಲಿ ಕೇಳದೆ ಏನಾದರೂ ಬರೆಯುತ್ತೀರಾ, ಇವೆಲ್ಲ ನೋಡುತ್ತಾರೆ. ಒಂದೆರಡು ಸಲ ವಾಪಸ್ ಬರುವುದು ಮಾಮೂಲು. ಹೇಳಿದ್ದನ್ನು ಸರಿ ಮಾಡಿ, ಆವೃತ್ತಿ ಸಂಖ್ಯೆ ಏರಿಸಿ, ಮರ್ಯಾದೆಯಿಂದ ಮತ್ತೆ ಕಳಿಸಿ.

ಗಾತ್ರದ ಮಿತಿ ಗಮನಿಸಿ. ದತ್ತಾಂಶ 5 ಎಂಬಿ ಮೀರಬಾರದು, ಪೂರ್ತಿ ಕಡತ ಸಾಧ್ಯವಾದಷ್ಟು 10 ಎಂಬಿ ಒಳಗಿರಬೇಕು. ಉದಾಹರಣೆಗಳು ಕೆಲವೇ ಸೆಕೆಂಡಿನಲ್ಲಿ ಮುಗಿಯಬೇಕು, ಎರಡಕ್ಕಿಂತ ಹೆಚ್ಚು ಕೋರ್ ಬಳಸಬಾರದು. ಸಿಮ್ಯುಲೇಷನ್ ಆಧಾರದ ಪಿ-ಮೌಲ್ಯ ಲೆಕ್ಕ ಹಾಕುವ ಪ್ಯಾಕೇಜ್‌ಗಳಿಗೆ ಇದು ನಿಜವಾಗಿಯೂ ಕಷ್ಟ. ಹತ್ತು ಸಾವಿರ ಸಲ ಓಡುವ ಜಾಗದಲ್ಲಿ ಉದಾಹರಣೆಗೆ ಐವತ್ತು ಸಲ ಸಾಕು ಮಾಡಬೇಕಾಗುತ್ತದೆ, ಪೂರ್ತಿ ಕಥೆಯನ್ನು ವಿನ್ಯೆಟ್ ಅನ್ನುವ ವಿವರವಾದ ಕೈಪಿಡಿಯಲ್ಲಿ ಮೊದಲೇ ಲೆಕ್ಕ ಹಾಕಿಟ್ಟು ತೋರಿಸಬೇಕಾಗುತ್ತದೆ.

ಇನ್ನೊಂದು ಕಡೆ ಜನ ಎಡವುವುದು ದಶಮಾಂಶದಲ್ಲಿ. ಇಬಿಜಿಎಂ ವಿಧಾನದಲ್ಲಿ ಎರಡು ಗಾಮಾ ವಿತರಣೆಗಳ ಮಿಶ್ರಣವಿದೆ, ಐದು ಪ್ಯಾರಾಮೀಟರ್‌ಗಳನ್ನು ಆಪ್ಟಿಮೈಜರ್ (ಚೆನ್ನಾಗಿ ಹೊಂದುವ ಬೆಲೆ ಹುಡುಕುವ ಕೋಡ್) ಹುಡುಕಬೇಕು. ಶುರುವಿನ ಬೆಲೆ ಬದಲಾದರೆ ಉತ್ತರ ಬದಲಾಗಬಹುದು, ಕಂಪ್ಯೂಟರ್ ಬದಲಾದರೂ ಕೊನೆಯ ಅಂಕೆಗಳು ಬದಲಾಗುತ್ತವೆ. ಕ್ರ್ಯಾನ್ ನಿಮ್ಮ ಪ್ಯಾಕೇಜನ್ನು ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಓಡಿಸುತ್ತದೆ, ಲಾಂಗ್ ಡಬಲ್ (ಹೆಚ್ಚು ನಿಖರವಾಗಿ ಸಂಖ್ಯೆ ಇಡುವ ಬಗೆ) ಇಲ್ಲದ ಆರ್‌ನಲ್ಲೂ ಓಡಿಸುತ್ತದೆ. ನಿಮ್ಮ ಟೆಸ್ಟ್ ಹತ್ತನೇ ದಶಮಾಂಶದವರೆಗೆ ತಾಳೆ ಕೇಳಿದರೆ ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತದೆ. ಎಷ್ಟು ವ್ಯತ್ಯಾಸ ಸಹಿಸಬಹುದು ಅಂತ ಯೋಚಿಸಿ ಟಾಲರೆನ್ಸ್ ಬರೆಯಿರಿ. ಹಾಗೆ ಯೋಚಿಸುವಾಗ ನಿಮ್ಮ ವಿಧಾನದ ಬಗ್ಗೆಯೇ ಹೊಸದೊಂದು ಗೊತ್ತಾಗುತ್ತದೆ. ಸಿಗ್ನಲ್ ಹೌದೋ ಅಲ್ಲವೋ ಅನ್ನುವ ತೀರ್ಮಾನ ಮೂರನೇ ದಶಮಾಂಶದ ಮೇಲೆ ನಿಂತಿದ್ದರೆ ಅದನ್ನು ಬಳಕೆದಾರರಿಗೂ ಹೇಳಬೇಕು, ಅಲ್ವಾ?

ಕ್ರ್ಯಾನ್ ಮಾಡದೇ ಇರುವ ಕೆಲಸ ಒಂದಿದೆ: ನಿಮ್ಮ ಸಂಖ್ಯಾಶಾಸ್ತ್ರ ಸರಿಯಾ ಅಂತ ಅವರು ನೋಡುವುದಿಲ್ಲ. ಅದು ಅವರ ಹೊಣೆಯೂ ಅಲ್ಲ. ಮೇಲಿನ 5.77 ಕ್ರ್ಯಾನ್ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಕ್ರ್ಯಾನ್‌ನಲ್ಲಿದೆ ಅಂದಮೇಲೆ ಸರಿಯೇ ಇರುತ್ತದೆ ಅನ್ನುವ ಮಾತು ಮೀಟಿಂಗ್‌ಗಳಲ್ಲಿ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಿರ್ವಹಣೆಯೂ ಭಾರವೇ. ಆರ್ ಬದಲಾಗಿಯೋ, ನೀವು ಅವಲಂಬಿಸಿದ ಪ್ಯಾಕೇಜ್ ಬದಲಾಗಿಯೋ ನಿಮ್ಮದು ಮುರಿದರೆ ಇಂಥ ತಾರೀಖಿನೊಳಗೆ ಸರಿ ಮಾಡಿ ಅಂತ ಮೇಲ್ ಬರುತ್ತದೆ, ಎಷ್ಟೋ ಸಲ ಎರಡೇ ವಾರದ ಗಡುವು. ಮಾಡದಿದ್ದರೆ ಆರ್ಕೈವ್‌ಗೆ ಹೋಗುತ್ತದೆ, ಮಾಮೂಲು ದಾರಿಯಲ್ಲಿ ಇನ್ಸ್ಟಾಲ್ ಆಗುವುದಿಲ್ಲ. ನನ್ನ ಪರಿಚಯದವರೊಬ್ಬರು ಆಫೀಸಿನ ಇಮೇಲ್ ವಿಳಾಸ ಕೊಟ್ಟು ಪ್ಯಾಕೇಜ್ ಹಾಕಿದ್ದರು. ಕೆಲಸ ಬಿಟ್ಟ ಮೇಲೆ ಆ ವಿಳಾಸ ಮುಚ್ಚಿತು. ಎಚ್ಚರಿಕೆಯ ಮೇಲ್ ಯಾರಿಗೂ ತಲುಪಲಿಲ್ಲ, ಪ್ಯಾಕೇಜ್ ಪಟ್ಟಿಯಿಂದ ಹೋಯಿತು. ಅದನ್ನು ಬಳಸಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿ ಒಂದು ದಿನ ಇನ್ಸ್ಟಾಲ್ ಆಗುತ್ತಿಲ್ಲ ಅಂತ ಫೋನ್ ಮಾಡಿದಾಗಲೇ ಅವರಿಗೆ ಗೊತ್ತಾಗಿದ್ದು. ನಿರ್ವಾಹಕರ ಜಾಗದಲ್ಲಿ ಕ್ರ್ಯಾನ್ ಒಬ್ಬ ವ್ಯಕ್ತಿಯ ಹೆಸರನ್ನೇ ಕೇಳುತ್ತದೆ. ಹಾಗಾಗಿ ನಿಮ್ಮ ಜೊತೆ ಬಹುಕಾಲ ಉಳಿಯುವ ಸ್ವಂತ ವಿಳಾಸ ಕೊಡಿ.

ಬಯೋಕಂಡಕ್ಟರ್

2001ರಲ್ಲಿ ಶುರುವಾದದ್ದು, ಮುಖ್ಯವಾಗಿ ಜೀನೋಮ್ ದತ್ತಾಂಶಕ್ಕೆ. ನಿಮ್ಮ ಪ್ಯಾಕೇಜ್ ಬರೀ ವರದಿಗಳ ಎಣಿಕೆ ಮೇಲೆ ನಿಂತಿದ್ದರೆ ಇದು ಸಹಜವಾದ ಮನೆ ಅಲ್ಲ. ಆದರೂ ಬಾಗಿಲು ಮುಚ್ಚಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬಿಡುಗಡೆ ಮಾಡುವ ಅಡ್ಡಪರಿಣಾಮ ವರದಿಗಳನ್ನು ಓದುವ ಫೇರ್ಸ್ ಹೆಸರಿನ ಪ್ಯಾಕೇಜ್ ಅಲ್ಲೇ ಇದೆ. ಒಂದು ಔಷಧ ಯಾವ ಜೀನ್ ಇದ್ದವರಿಗೆ ಜಾಸ್ತಿ ತೊಂದರೆ ಕೊಡುತ್ತದೆ ಅನ್ನುವಂಥ ಕೆಲಸ ನಿಮ್ಮದಾದರೆ ಮೊದಲು ಇಲ್ಲೇ ನೋಡಿ.

ವಿಮರ್ಶೆ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ನಡೆಯುತ್ತದೆ, ವಿನ್ಯೆಟ್ ಕಡ್ಡಾಯ, ಅವರಲ್ಲಿ ಈಗಾಗಲೇ ಇರುವ ದತ್ತಾಂಶ ರಚನೆಗಳನ್ನು ಬಳಸಿ ಅಂತ ಒತ್ತಾಯಿಸುತ್ತಾರೆ. ವರ್ಷಕ್ಕೆ ಎರಡು ಬಿಡುಗಡೆ, ಏಪ್ರಿಲ್ ಮತ್ತು ಅಕ್ಟೋಬರ್ ಹೊತ್ತಿಗೆ. ಹೊಸ ಪ್ಯಾಕೇಜ್ ಮೊದಲು ಡೆವೆಲ್ ಶಾಖೆಗೆ ಸೇರಿ, ಮುಂದಿನ ಬಿಡುಗಡೆಯಲ್ಲಿ ಜನರಿಗೆ ಸಿಗುತ್ತದೆ. ಎಲ್ಲ ಪ್ಯಾಕೇಜ್‌ಗಳೂ ಒಂದು ಗುಂಪಾಗಿ ಒಟ್ಟಿಗೆ ಪರೀಕ್ಷೆಯಾಗುವುದರಿಂದ ಒಂದಕ್ಕೊಂದು ಹೊಂದುತ್ತವೆ, ಅದು ದೊಡ್ಡ ಅನುಕೂಲ.

ಆರ್‌ಓಪನ್‌ಸೈ

ಇಲ್ಲಿ ಮಾತ್ರ ನಿಮ್ಮ ಲೆಕ್ಕವನ್ನು ಇನ್ನೊಬ್ಬರು ಕೂತು ನೋಡುತ್ತಾರೆ. 2011ರಲ್ಲಿ ಶುರುವಾದ ಈ ಗುಂಪಿನಲ್ಲಿ ಒಬ್ಬ ಸಂಪಾದಕರು, ಸಾಮಾನ್ಯವಾಗಿ ಇಬ್ಬರು ವಿಮರ್ಶಕರು ಇರುತ್ತಾರೆ. ಎಲ್ಲ ಮಾತುಕತೆ ಬಯಲಲ್ಲೇ ನಡೆಯುತ್ತದೆ. ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ಗೆ ಅಂತಲೇ ಪ್ರತ್ಯೇಕ ವಿಮರ್ಶೆ ಇದೆ. ಬೇಸಿಯನ್, ರಿಗ್ರೆಷನ್, ಟೈಮ್ ಸೀರೀಸ್ ಹೀಗೆ ವಿಭಾಗಗಳು, ಪ್ರತಿ ವಿಭಾಗಕ್ಕೂ ಬರೆದಿಟ್ಟ ಮಾನದಂಡಗಳು. ಯಾವ ಮಾನದಂಡವನ್ನು ಕೋಡ್‌ನ ಯಾವ ಭಾಗ ಪೂರೈಸುತ್ತದೆ ಅಂತ ಕೋಡ್ ಪಕ್ಕದಲ್ಲೇ ಟ್ಯಾಗ್ ಹಾಕಿ ತೋರಿಸಬೇಕು. ಪಾಸಾದರೆ ಕಂಚು, ಬೆಳ್ಳಿ, ಚಿನ್ನ ಅಂತ ಬ್ಯಾಡ್ಜ್ ಕೊಡುತ್ತಾರೆ.

ಖಾಲಿ ಕೋಶ ಬಂದರೆ ಏನಾಗುತ್ತದೆ, ಸೊನ್ನೆಯಿಂದ ಭಾಗಿಸಿದಾಗ ಬಳಕೆದಾರರಿಗೆ ಏನು ಹೇಳುತ್ತೀರಿ, ಆಪ್ಟಿಮೈಜರ್ ಒಂದು ಕಡೆ ನಿಲ್ಲದಿದ್ದರೆ ಹೇಗೆ ಗೊತ್ತಾಗುತ್ತದೆ, ಪ್ರಕಟವಾದ ಉತ್ತರದ ಜೊತೆ ಹೋಲಿಸಿದ್ದೀರಾ ಅನ್ನುವ ಬಗೆಯ ಪ್ರಶ್ನೆಗಳು ಇಲ್ಲಿ ಏಳುತ್ತವೆ. ನಮ್ಮ ಕ್ಷೇತ್ರಕ್ಕೆ ಬೇಕಾದದ್ದೂ ಇವೇ. ಅಪರೂಪದ ಅಡ್ಡಪರಿಣಾಮದ ಕೋಷ್ಟಕದಲ್ಲಿ ಸೊನ್ನೆಗಳೇ ಜಾಸ್ತಿ ಇರುತ್ತವೆ, ಸೊನ್ನೆಯನ್ನು ನಿಮ್ಮ ಪ್ಯಾಕೇಜ್ ಹೇಗೆ ನಡೆಸಿಕೊಳ್ಳುತ್ತದೆ ಅನ್ನುವುದರ ಮೇಲೇ ಅದರ ಯೋಗ್ಯತೆ ನಿಂತಿದೆ. 5.77 ಸಿಕ್ಕಿಬೀಳುವ ಸಂಭವವೂ ಇಲ್ಲೇ ಹೆಚ್ಚು.

ಬೆಲೆ ಸಮಯ. ಕೆಲವು ತಿಂಗಳು ಹಿಡಿಯುತ್ತದೆ ಅಂದುಕೊಂಡೇ ಶುರು ಮಾಡಿ. ಟೆಸ್ಟ್‌ಗಳು ಕೋಡ್‌ನ ಬಹುಪಾಲನ್ನು ಮುಟ್ಟಬೇಕು, ಶೇ. 75 ಕೆಳಮಿತಿ. ನಿಮ್ಮ ವಿಷಯ ಅವರ ವ್ಯಾಪ್ತಿಗೆ ಬರುತ್ತದಾ ಅಂತ ಮುಂಚೆಯೇ ವಿಚಾರಿಸುವ ದಾರಿ ಇದೆ, ಅದನ್ನು ಬಳಸಿ. ಇಬಿಜಿಎಂ ಥರದ್ದು ಬೇಸಿಯನ್ ವಿಭಾಗಕ್ಕೆ ಹೊಂದಬಹುದು, ಬರೀ ದತ್ತಾಂಶ ಇಳಿಸಿಕೊಂಡು ಅಚ್ಚುಕಟ್ಟು ಮಾಡುವ ಪ್ಯಾಕೇಜ್ ಸಾಮಾನ್ಯ ವಿಮರ್ಶೆಗೆ ಹೋಗುತ್ತದೆ. ಇನ್ನೊಂದು ಮಾತು, ಇದನ್ನು ಆರಿಸಿದರೆ ಕ್ರ್ಯಾನ್ ಕೈಬಿಡಬೇಕು ಅಂತಿಲ್ಲ. ಇಲ್ಲಿ ವಿಮರ್ಶೆ ಮುಗಿಸಿ ಅಲ್ಲಿಗೆ ಸಲ್ಲಿಸುವವರು ಬಹಳ.

ಗಿಟ್‌ಹಬ್, ಆರ್-ಯೂನಿವರ್ಸ್, ಝೆನೋಡೊ

ಗಿಟ್‌ಹಬ್‌ನಲ್ಲಿ ಮಾತ್ರ ಇಟ್ಟರೆ ಇವತ್ತೇ ಕೆಲಸ ಮುಗಿಯುತ್ತದೆ, ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ವಿಂಡೋಸ್ ಬಳಸುವವರು ಸಿ ಪ್ಲಸ್ ಪ್ಲಸ್ ಕೋಡ್ ಇರುವ ಪ್ಯಾಕೇಜ್ ಇನ್ಸ್ಟಾಲ್ ಮಾಡಲು ಕೋಡ್ ಕಟ್ಟುವ ಸಾಧನವಾದ ಆರ್‌ಟೂಲ್ಸ್ ಹಾಕಿಕೊಂಡು ಒದ್ದಾಡಬೇಕು. ಆಸ್ಪತ್ರೆಯ ಫಾರ್ಮಸಿಸ್ಟ್ ಒಬ್ಬರು ನಿಮ್ಮ ಪ್ಯಾಕೇಜ್ ಬಳಸಲಿ ಅಂತ ಆಸೆ ಇದ್ದರೆ ಈ ಒದ್ದಾಟದಲ್ಲೇ ಅವರು ಕೈಬಿಡುತ್ತಾರೆ.

ಅದಕ್ಕೆ ಆರ್-ಯೂನಿವರ್ಸ್ ಒಳ್ಳೆಯ ಮಧ್ಯದ ದಾರಿ. ನಿಮ್ಮ ಹೆಸರಲ್ಲೇ ಒಂದು ಸಣ್ಣ ಭಂಡಾರ ಸಿಗುತ್ತದೆ. ಗಿಟ್‌ಹಬ್‌ನಲ್ಲಿ ಒಂದು ಪಟ್ಟಿ ಕಡತ ಇಟ್ಟರೆ ಅದು ಕೋಡ್ ಎತ್ತಿಕೊಂಡು ವಿಂಡೋಸ್‌ಗೂ ಮ್ಯಾಕ್‌ಗೂ ತಯಾರು ಕಡತ ಮಾಡಿಕೊಡುತ್ತದೆ, ಪರೀಕ್ಷೆಯನ್ನೂ ಓಡಿಸುತ್ತದೆ. ನೀವು ಬೆಳಿಗ್ಗೆ ತಪ್ಪು ತಿದ್ದಿದರೆ ಆವತ್ತೇ ಜನರಿಗೆ ಹೊಸದು ಸಿಗುತ್ತದೆ. ಕ್ರ್ಯಾನ್‌ನಲ್ಲಾದರೆ ಒಂದೆರಡು ತಿಂಗಳಿಗೊಮ್ಮೆಗಿಂತ ಹೆಚ್ಚು ಸಲ ಹೊಸ ಆವೃತ್ತಿ ಕಳಿಸಬೇಡಿ ಅನ್ನುತ್ತಾರೆ. ವಿಧಾನ ಇನ್ನೂ ಬದಲಾಗುತ್ತಿರುವ ಪ್ಯಾಕೇಜ್‌ಗೆ ಈ ಸ್ವಾತಂತ್ರ್ಯ ಬೇಕೇ ಬೇಕು. ಕೊರತೆ ಅಂದರೆ, ಅಲ್ಲಿರುವುದು ಯಾವಾಗಲೂ ಈಗಿನ ಆವೃತ್ತಿ. ಹಳೆಯದನ್ನು ಕಾಪಾಡುವುದು ನಿಮ್ಮ ಕೆಲಸ.

ಆ ಕೊರತೆ ತುಂಬುವುದು ಝೆನೋಡೊ. ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಭಂಡಾರ. ಗಿಟ್‌ಹಬ್ ಜೊತೆ ಜೋಡಿಸಿಟ್ಟರೆ ನೀವು ಬಿಡುಗಡೆ ಮಾಡಿದ ಪ್ರತಿ ಆವೃತ್ತಿಯ ಪ್ರತಿಯನ್ನು ಇಟ್ಟುಕೊಂಡು ಅದಕ್ಕೆ ಡಿಒಐ ಕೊಡುತ್ತದೆ. ಒಂದು ದಾಖಲೆಗೆ 50 ಜಿಬಿವರೆಗೆ ಜಾಗ. ಇದು ಪ್ಯಾಕೇಜ್ ಭಂಡಾರವಲ್ಲ, ಇಲ್ಲಿಂದ ಒಂದೇ ಸಾಲಿನಲ್ಲಿ ಇನ್ಸ್ಟಾಲ್ ಆಗುವುದಿಲ್ಲ. ಯಾವ ಜಾಗ ಆರಿಸಿದರೂ ಇದನ್ನು ಜೊತೆಗೆ ಇಟ್ಟುಕೊಳ್ಳಿ. ಪ್ರಕಟಣೆಯ ಲೆಕ್ಕವೂ ಬೇಕು ಅನ್ನುವವರಿಗೆ 2016ರಲ್ಲಿ ಶುರುವಾದ ಜರ್ನಲ್ ಆಫ್ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ. ಚಿಕ್ಕ ಲೇಖನ, ಬಯಲು ವಿಮರ್ಶೆ, ಶುಲ್ಕ ಇಲ್ಲ. ಆರ್‌ಓಪನ್‌ಸೈ ವಿಮರ್ಶೆ ಮುಗಿಸಿ ಬಂದವರಿಗೆ ಅಲ್ಲಿ ದಾರಿ ಚಿಕ್ಕದು.

ಪೈಥಾನ್‌ನಲ್ಲಿ ಬರೆದಿದ್ದರೆ ಆ ಭಾಷೆಯ ಪ್ಯಾಕೇಜ್ ಭಂಡಾರವಾದ ಪೈಪಿಐಗೆ ಹಾಕಬಹುದು. ಅಲ್ಲಿ ಸೇರಿಸುವ ಮುಂಚೆ ಯಾರೂ ಓದುವುದಿಲ್ಲ. ಪರೀಕ್ಷೆಯ ಪೂರ್ತಿ ಹೊಣೆ ನಿಮ್ಮದೇ.

ದತ್ತಾಂಶದಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ

ಇದು ಎಲ್ಲ ಜಾಗಕ್ಕೂ ಸೇರಿದ್ದು. ಕೋಡ್ ನಿಮ್ಮದೇ ಇರಬಹುದು, ಉದಾಹರಣೆಗೆ ಅಂತ ಒಳಗಿಟ್ಟ ದತ್ತಾಂಶ ನಿಮ್ಮದಾ? ಅಡ್ಡಪರಿಣಾಮಗಳಿಗೆ ಏಕರೂಪದ ಹೆಸರು ಕೊಡುವ ಮೆಡ್‌ಡ್ರಾ ಪದಕೋಶಕ್ಕೆ ಪರವಾನಗಿ ಇದೆ. ಅದರ ಐದು ಹಂತಗಳ ಪಟ್ಟಿಯನ್ನು ಅನುಕೂಲಕ್ಕೆ ಅಂತ ಪ್ಯಾಕೇಜ್‌ಗೆ ಸೇರಿಸಿ ಸಾರ್ವಜನಿಕವಾಗಿ ಇಟ್ಟರೆ ಪರವಾನಗಿ ಮುರಿದ ಹಾಗೆ. ನಿಮ್ಮ ವಿಶ್ವವಿದ್ಯಾಲಯಕ್ಕೆ ಬಳಸಲು ಅನುಮತಿ ಇದ್ದರೂ ಹಂಚಲು ಇರುವುದಿಲ್ಲ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಅದು ಬದಲಾಗುವುದೂ ಇದೆ, ಒಳಗಿಟ್ಟದ್ದು ಆರೇ ತಿಂಗಳಲ್ಲಿ ಹಳೆಯದಾಗುತ್ತದೆ. ಬಳಕೆದಾರರು ತಮ್ಮ ಪ್ರತಿಯನ್ನು ತಾವೇ ಓದಿಸಿಕೊಳ್ಳುವ ಒಂದು ಫಂಕ್ಷನ್ ಬರೆದುಬಿಡಿ.

ವಿಶ್ವ ಆರೋಗ್ಯ ಸಂಸ್ಥೆಯ ವಿಜಿಬೇಸ್ (ಹಲವು ದೇಶಗಳ ಅಡ್ಡಪರಿಣಾಮ ವರದಿಗಳ ಸಂಗ್ರಹ) ದತ್ತಾಂಶವನ್ನೂ ಹಾಗೆ ಹಂಚುವಂತಿಲ್ಲ. ನಮ್ಮ ದೇಶದ ಫಾರ್ಮಕೋವಿಜಿಲೆನ್ಸ್ (ಔಷಧ ಸುರಕ್ಷತೆಯ ನಿಗಾ) ಕಾರ್ಯಕ್ರಮ 2010ರಲ್ಲಿ ಶುರುವಾಯಿತು, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದರ ಕೇಂದ್ರ. ಅದಕ್ಕಾಗಿ ನಿಮ್ಮ ಆಸ್ಪತ್ರೆಯಲ್ಲಿ ತುಂಬಿದ ವರದಿಗಳು ರೋಗಿಗಳವು. ಹೆಸರು ಅಳಿಸಿದೆ ಅಂದ ಮಾತ್ರಕ್ಕೆ ಪ್ಯಾಕೇಜ್‌ಗೆ ತುರುಕಬೇಡಿ. ಸಣ್ಣ ಊರಿನಲ್ಲಿ ವಯಸ್ಸು, ಔಷಧ, ತಾರೀಖು ಮೂರು ಗೊತ್ತಾದರೆ ಯಾರು ಅಂತ ಹೇಳುವವರಿದ್ದಾರೆ.

ಎಫ್‌ಡಿಎ ಮೂರು ತಿಂಗಳಿಗೊಮ್ಮೆ ಬಿಡುಗಡೆ ಮಾಡುವ ಕಡತಗಳು ಎಲ್ಲರಿಗೂ ಉಚಿತ, 2004ರಿಂದ ಈಚಿನವು ಸಿಗುತ್ತವೆ. ಅದರಲ್ಲಿ ಒಂದು ಚೂರು ತೆಗೆದು ಇಡಬಹುದು. ಆದರೆ ಒಂದೇ ಪ್ರಕರಣ ಹಲವು ಆವೃತ್ತಿಯಾಗಿ ಬಂದಿರುತ್ತದೆ, ಕೊನೆಯದನ್ನು ಮಾತ್ರ ಉಳಿಸಿಕೊಳ್ಳದಿದ್ದರೆ ಎಣಿಕೆಯೇ ತಪ್ಪು. ನನಗೆ ಎಲ್ಲಕ್ಕಿಂತ ಇಷ್ಟ ಕೃತಕವಾಗಿ ಹುಟ್ಟಿಸಿದ ದತ್ತಾಂಶ. ಎಲ್ಲಿ ಸಿಗ್ನಲ್ ಇಟ್ಟಿದ್ದೀರಿ ಅಂತ ನಿಮಗೆ ಗೊತ್ತಿರುತ್ತದೆ, ಪ್ಯಾಕೇಜ್ ಅದನ್ನು ಹುಡುಕಿತಾ ಅಂತ ನೋಡಬಹುದು. ಗಾತ್ರವೂ ಕೆಲವು ಕೆಬಿ ಅಷ್ಟೇ.

ಮೂವರಿಗೆ ಹೇಳಿದ್ದು

ಕಂಪನಿಯವರಿಗೆ ಕ್ರ್ಯಾನ್ ಅಂದೆ. ಅವರ ಬಳಕೆದಾರರೆಲ್ಲ ಬೇರೆ ಬೇರೆ ಕಂಪನಿಗಳ ಫೈರ್‌ವಾಲ್ ಹಿಂದೆ ಇದ್ದಾರೆ, ಬೇರೆ ದಾರಿಯಿಂದ ತಲುಪುವುದಿಲ್ಲ. ಆರ್ ಬಳಸಿದರೆ ಎಫ್‌ಡಿಎ ಒಪ್ಪುತ್ತದಾ ಅಂತ ಅವರ ಮ್ಯಾನೇಜರ್ ಇನ್ನೂ ಕೇಳುತ್ತಾರಂತೆ. ಇಂಥದ್ದೇ ಸಾಫ್ಟ್‌ವೇರ್ ಬಳಸಬೇಕು ಅಂತ ತಾನು ಹೇಳುವುದಿಲ್ಲ ಅಂತ ಎಫ್‌ಡಿಎ 2015ರಲ್ಲೇ ಸ್ಪಷ್ಟಪಡಿಸಿದೆ. 2021ರ ನವೆಂಬರ್‌ನಲ್ಲಿ ಆರ್ ಬಳಸುವ ಸಂಸ್ಥೆಗಳ ಒಕ್ಕೂಟವಾದ ಆರ್ ಕನ್ಸಾರ್ಟಿಯಂನ ಗುಂಪು ಆರ್‌ನಲ್ಲೇ ಮಾಡಿದ ಪ್ರಾಯೋಗಿಕ ಸಲ್ಲಿಕೆಯನ್ನೂ ಕಳಿಸಿದೆ. ಆದರೆ ಪ್ಯಾಕೇಜ್ ನಂಬಲರ್ಹ ಅಂತ ತೋರಿಸುವ ಕೆಲಸ ಬಳಸುವ ಕಂಪನಿಯದು. ಆರ್ ವ್ಯಾಲಿಡೇಷನ್ ಹಬ್‌ನವರ ರಿಸ್ಕ್‌ಮೆಟ್ರಿಕ್ ಥರದ ಸಾಧನಗಳು ಟೆಸ್ಟ್ ಎಷ್ಟಿದೆ, ದಾಖಲೆ ಇದೆಯಾ, ತಪ್ಪು ವರದಿಗೆ ನಿರ್ವಾಹಕರು ಸ್ಪಂದಿಸುತ್ತಾರಾ ಅಂತ ನೋಡುತ್ತವೆ. ಅದಕ್ಕೆ ತಕ್ಕಂತೆ ಮೊದಲೇ ತಯಾರಿ ಮಾಡಿ ಅಂದೆ. ಮತ್ತೆ, ಕೋಡ್‌ನ ಹಕ್ಕು ಕಂಪನಿಯದಾ ನಿಮ್ಮದಾ ಅನ್ನುವುದನ್ನು ಲಿಖಿತವಾಗಿ ಕೇಳಿಕೊಂಡು, ಹಕ್ಕುದಾರರ ಹೆಸರನ್ನು ಡಿಸ್ಕ್ರಿಪ್ಷನ್ ಕಡತದಲ್ಲಿ ಬರೆದು, ಆಮೇಲೆ ಸಲ್ಲಿಸಿ ಅಂದೆ.

ಮೇಷ್ಟ್ರಿಗೆ ಆರ್‌ಓಪನ್‌ಸೈ. ಅವರದು ಹೊಸ ವಿಧಾನ, ಅವರಿಗೆ ಅವಸರ ಇಲ್ಲ, ಇನ್ನಿಬ್ಬರ ಕಣ್ಣು ಬೀಳುವುದು ಅವರಿಗೇ ಲಾಭ. ವಿಮರ್ಶೆ ನಡೆಯುವಾಗ ಆರ್-ಯೂನಿವರ್ಸ್‌ನಲ್ಲಿ ಜನ ಬಳಸುತ್ತಿರಲಿ, ಮುಗಿದ ಮೇಲೆ ಕ್ರ್ಯಾನ್‌ಗೆ ಹೋಗಲಿ. ಕ್ರ್ಯಾನ್ ತಂಡ ಬೇಸಿಗೆಯಲ್ಲೂ ವರ್ಷದ ಕೊನೆಯಲ್ಲೂ ರಜೆ ತೆಗೆದುಕೊಂಡು ಸಲ್ಲಿಕೆ ನಿಲ್ಲಿಸುತ್ತದೆ, ಆ ತಾರೀಖು ನೋಡಿಕೊಂಡು ಹೊರಡಿ ಅಂತ ಸೇರಿಸಿದೆ.

ಪಿಎಚ್‌ಡಿ ಹುಡುಗಿಗೆ ಸದ್ಯಕ್ಕೆ ಆರ್-ಯೂನಿವರ್ಸ್ ಮತ್ತು ಝೆನೋಡೊ ಸಾಕು ಅಂದೆ. ಪ್ರಬಂಧದಲ್ಲಿ ಹೆಸರಿಸಲು ಡಿಒಐ ಸಿಗುತ್ತದೆ, ಗೈಡ್ ಒಂದು ಬದಲಾವಣೆ ಹೇಳಿದರೆ ಮರುದಿನವೇ ತಿದ್ದಬಹುದು. ಪದವಿ ಮುಗಿದ ಮೇಲೂ ಇದನ್ನು ನೋಡಿಕೊಳ್ಳುವ ಮನಸ್ಸು ಇದ್ದರೆ ಆಗ ಕ್ರ್ಯಾನ್. ಅವರಿಗೆ ಸ್ವಲ್ಪ ಬೇಜಾರಾಯಿತು, ಕ್ರ್ಯಾನ್ ಅಂದರೆ ಒಂದು ಗೌರವ ಅನ್ನುವುದು ನನಗೂ ಗೊತ್ತು. ಆಮೇಲೆ, ಹಾಗಾದರೆ ಮೊದಲ ಟೆಸ್ಟ್ ಯಾವುದು ಬರೆಯಲಿ ಅಂತ ಕೇಳಿದರು. ಮೇಲಿನ ಕೋಷ್ಟಕವನ್ನೇ ಕೊಟ್ಟೆ: 12, 188, 300, 29,500. ಪಿಆರ್‌ಆರ್ 5.96 ಬರಬೇಕು. 5.77 ಬಂದರೆ ಟೆಸ್ಟ್ ಬೀಳಬೇಕು.